‘ನನ್ನ ಕಂಪ್ಯೂಟರಿನ್ಯಾಗ ಏನೈತ್ರಿ ಕದಿಯಾಕ?’

ಈ ಉಪನ್ಯಾಸದ ದತ್ತಿಯನ್ನು ಇಟ್ಟ ಮನೆತನದ ಹಿರಿಯರೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಿಂದ ಬಂದ ಶಿಕ್ಷಕ ಬಂಧುಗಳೆ, ವಿದ್ಯಾರ್ಥಿಗಳೆ, ಅಂಗಡಿಗೆ ಕೀಲಿ ಹಾಕಿ ನನಗೊಂದು ತಾಸು ಕೊಟ್ಟಿರುವ ಝೆರಾಕ್ಸ್ ಅಂಗಡಿಯ ಗೆಳೆಯರೆ,

ದತ್ತಿ ಎಂಬ ಮಾತು ಈ ನೆಲಕ್ಕೆ ಹೊಸದಲ್ಲ. ಇಲ್ಲೇ ಇಂಡಿಯ ಪಕ್ಕದ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದು ಸಿಕ್ಕಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ, ದೂರದ ನಾಡುಗಳಿಂದ ಓದಲು ಬಂದ ವಿದ್ಯಾರ್ಥಿಗಳಿಗೆ, ಅವರು ಇರುವ 27 ಮನೆಗಳಿಗೆ, ದೀಪದ ಎಣ್ಣೆಗೆ ಭೂಮಿ ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಇಂಥ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪವೂ ಇರುತ್ತದೆ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ನನ್ನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಅಂದು ಕದ್ದವನು ಹುಳುವಾಗಬೇಕಿತ್ತು. ಇಂದು ಕದಿಯುವವನು ಹುಳುವನ್ನೇ ತಯಾರಿಸಿ ನಮ್ಮ ಕಂಪ್ಯೂಟರಿಗೆ ಬಿಡುತ್ತಾನೆ.

ಈ ಹುಳು ಬಿಡುವವರ ಮನಸ್ಸಿನಲ್ಲಿ ಏನಿರುತ್ತದೆ, ನಮ್ಮ ಸ್ವಂತ ಕಂಪ್ಯೂಟರನ್ನು ಅವರಿಂದ ಕಾಯುವುದು ಹೇಗೆ ಎಂಬುದು ಇಂದಿನ ವಿಷಯ. ಈ ವಿಷಯ ಎತ್ತಿದಾಗಲೆಲ್ಲ ನಮ್ಮ ಕಡೆ ಒಂದೇ ಪ್ರಶ್ನೆ ಎದುರಾಗುತ್ತದೆ: “ಅಲ್ರೀ ಸರ, ನನ್ನ ಕಂಪ್ಯೂಟರಿನ್ಯಾಗ ಏನೈತ್ರಿ ಕದಿಯಾಕ?” ಈ ಒಂದು ತಾಸು ಆ ಪ್ರಶ್ನೆಗೆ ಉತ್ತರ.

ಕುತೂಹಲ, ಕೊರತೆ, ಕಾಸು, ಕಿಚ್ಚು

ಹ್ಯಾಕರ್ ಎಂಬ ಮಾತಿಗೆ ಮೊದಲು ಕೆಟ್ಟ ಅರ್ಥವಿರಲಿಲ್ಲ. ಯಂತ್ರವನ್ನು ಬಿಚ್ಚಿ, ಅದರ ಒಳಗುಟ್ಟು ತಿಳಿದು, ತಯಾರಿಸಿದವನೇ ಎಣಿಸದ ಕೆಲಸವನ್ನು ಅದರಿಂದ ಮಾಡಿಸುವ ಜಾಣನಿಗೆ ಆ ಹೆಸರಿತ್ತು. ಬ್ಯಾಂಕುಗಳು, ಕಂಪನಿಗಳು ಇಂದಿಗೂ ಅಂಥವರಿಗೆ ಸಂಬಳ ಕೊಟ್ಟು ತಮ್ಮ ಗೋಡೆಯ ಬಿರುಕು ಹುಡುಕಿಸುತ್ತವೆ. ನಾನು ಮಾತನಾಡುವುದು ಅದೇ ವಿದ್ಯೆಯನ್ನು ಕೇಡಿಗೆ ಹೂಡಿದವರ ಬಗ್ಗೆ.

1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ‘ಬ್ರೇನ್’ ಎಂಬ ವೈರಸ್ ಬರೆದರು. ಐಬಿಎಂ ಮಾದರಿಯ ಪಿಸಿಗಳಿಗೆ ತಗುಲಿದ ಮೊದಲ ವೈರಸ್ ಅದು. ಅವರು ಮಾರುತ್ತಿದ್ದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಫ್ಲಾಪಿಯಿಂದ ಫ್ಲಾಪಿಗೆ ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡಿದವರಿಗೆ ಬುದ್ಧಿ ಕಲಿಸಲೆಂದು ವೈರಸ್ ಸೇರಿಸಿದರು. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದಿದ್ದರು! ಕಳವಿನ ಮೇಲಿನ ಸಿಟ್ಟಿನಿಂದ ಹುಟ್ಟಿದ ಆ ವೈರಸ್ ಏನೂ ಕದಿಯದವರ ಫ್ಲಾಪಿಗೂ ಹೊಕ್ಕು ದೇಶ ದೇಶ ಸುತ್ತಿತು.

ಎರಡು ವರ್ಷದ ನಂತರ, 1988ರ ನವೆಂಬರ್ 2ರಂದು, ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಅಂತರಜಾಲಕ್ಕೆ ಒಂದು ಹುಳು ಬಿಟ್ಟ. ಅವನಿಗೆ ಕದಿಯುವುದು ಏನೂ ಇರಲಿಲ್ಲ. ಆದರೆ ಪ್ರೋಗ್ರಾಮಿನ ಲೆಕ್ಕ ತಪ್ಪಿತು. ಒಂದೇ ಯಂತ್ರಕ್ಕೆ ಹುಳು ಮತ್ತೆ ಮತ್ತೆ ಹೊಕ್ಕು, ಸುಮಾರು ಆರು ಸಾವಿರ ಕಂಪ್ಯೂಟರುಗಳು ಏದುಸಿರು ಬಿಟ್ಟು ನಿಂತವು. ಹುಡುಗಾಟಿಕೆಗೆ ಹುಲ್ಲಿನ ಬಣವಿಯ ಪಕ್ಕ ಬೀಡಿ ಹಚ್ಚಿದ ಹುಡುಗನಂತಾಯಿತು ಅವನ ಗತಿ. ನ್ಯಾಯಾಲಯ ಶಿಕ್ಷೆ ವಿಧಿಸಿತು. ಅದೇ ಮಾರಿಸ್ ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕನಾದ. ಇದನ್ನು ಇಲ್ಲಿರುವ ವಿದ್ಯಾರ್ಥಿಗಳಿಗಾಗಿ ಹೇಳಿದೆ: ಕುತೂಹಲ ಪಾಪವಲ್ಲ. ಅದನ್ನು ಕಂಡವರ ಹೊಲದಲ್ಲಿ ಪ್ರಯೋಗಿಸಬಾರದು, ಅಷ್ಟೆ.

2000ದ ಮೇ 4ರಂದು ಮನಿಲಾದಿಂದ ‘ಐ ಲವ್ ಯೂ’ ಎಂಬ ತಲೆಬರಹದ ಇಮೇಲ್ ಹೊರಟಿತು. ಪ್ರೇಮಪತ್ರವೆಂದು ತೆರೆದವರ ಕಂಪ್ಯೂಟರಿನ ಕಡತಗಳು ಹಾಳಾದವು. ಅವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪತ್ರ ಹೋಯಿತು. ಅದನ್ನು ಬರೆದ ಬಡ ಕಾಲೇಜು ಹುಡುಗನಿಗೆ ಬೇಕಾಗಿದ್ದದ್ದು ಬೇರೆಯವರ ಇಂಟರ್‌ನೆಟ್ ಪಾಸ್‌ವರ್ಡ್. ದುಡ್ಡು ಕೊಟ್ಟು ಇಂಟರ್‌ನೆಟ್ ಹಾಕಿಸಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಆ ದೇಶದಲ್ಲಿ ಆಗ ಇದಕ್ಕೆ ಕಾನೂನೇ ಇಲ್ಲದ್ದರಿಂದ ಅವನನ್ನು ಬಿಡಬೇಕಾಯಿತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರ್ 17ರಂದು.

ಈ ಮೂರೂ ಕಥೆ ಈಗ ಅಜ್ಜಿಕಥೆಯಂತೆ ಕೇಳಿಸುತ್ತವೆ. ಇಂದು ಈ ಕೆಲಸದ ಬಹುಪಾಲು ಶುದ್ಧ ವ್ಯಾಪಾರ. ಒಬ್ಬ ವೈರಸ್ ಬರೆಯುತ್ತಾನೆ, ಇನ್ನೊಬ್ಬ ಅದನ್ನು ಬಾಡಿಗೆಗೆ ಪಡೆಯುತ್ತಾನೆ, ಮೂರನೆಯವ ಪಾಸ್‌ವರ್ಡುಗಳನ್ನು ಸಗಟಾಗಿ ಮಾರುತ್ತಾನೆ, ನಾಲ್ಕನೆಯವ ಕಮಿಷನ್ನಿಗೆ ತನ್ನ ಬ್ಯಾಂಕ್ ಖಾತೆ ಕೊಡುತ್ತಾನೆ. ಎಪಿಎಂಸಿಯಲ್ಲಿ ಹಮಾಲ, ದಲಾಲ, ಖರೀದಿದಾರ ಇದ್ದಂತೆ ಇಲ್ಲೂ ಒಂದು ಪೇಟೆ ಇದೆ. 2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋದದ್ದು ಈ ಪೇಟೆಯ ಕೆಲಸ. ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಗೆ ಹುಳು ಹೊಗಿಸಿ, ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ಹಣ ತೆಗೆದರು. ನಮಗೆ ಹತ್ತಿರದ ಕೊಲ್ಹಾಪುರದ ಎಟಿಎಂಗಳಲ್ಲೂ ತೆಗೆದರು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಗೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿತು. ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳನ್ನು, ಅಂದರೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು, ದೇಶದ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ದೊಡ್ಡ ಬ್ಯಾಂಕಿನ ಗೋಡೆ ಎತ್ತರ, ಸಣ್ಣ ಬ್ಯಾಂಕಿನ ಗೋಡೆ ಗಿಡ್ಡ. ವ್ಯಾಪಾರಿ ಎಲ್ಲಿ ಖರ್ಚು ಕಡಿಮೆಯೋ ಅಲ್ಲಿಗೆ ಬರುತ್ತಾನೆ.

ಹಣವನ್ನು ಮುಟ್ಟದೆ ಕೆಲಸ ಕೆಡಿಸುವ ದಾಳಿಯೂ ಉಂಟು. 2025ರ ಆರಂಭದಲ್ಲಿ ನಮ್ಮ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಡಿಡಾಸ್ ದಾಳಿ ನಡೆದು ರಾಜ್ಯದಲ್ಲಿ ನೋಂದಣಿ ಅಸ್ತವ್ಯಸ್ತವಾಯಿತು. ಉಪನೋಂದಣಿ ಕಚೇರಿಯ ಕಿಟಕಿಯ ಮುಂದೆ ಕೆಲಸವಿಲ್ಲದ ಸಾವಿರ ಜನ ಸರತಿ ನಿಂತು, ಸುಳ್ಳು ಅರ್ಜಿ ಕೊಡುತ್ತಲೇ ಇದ್ದರೆ, ಹೊಲ ಮಾರಲು ಬಂದ ರೈತನ ಪಾಳಿ ಎಂದು ಬಂದೀತು? ಡಿಡಾಸ್ ಎಂದರೆ ಆ ಹುಸಿ ಪಾಳಿ. ಕಿಚ್ಚು, ಪೈಪೋಟಿ, ರಾಜಕೀಯ, ದೇಶ-ದೇಶಗಳ ಹಗೆ, ಇವೆಲ್ಲ ಈ ದಾರಿಯಲ್ಲೂ ಬರುತ್ತವೆ.

ಮನಗೂಳಿಯ ಪಾಠ

ಇನ್ನೊಂದು ಪ್ರಕರಣ ಕಂಪ್ಯೂಟರಿನದಲ್ಲ. ಆದರೆ ಕಂಪ್ಯೂಟರಿನ ಪಾಠ ಅದರಲ್ಲಿದೆ. 2025ರ ಮೇ ತಿಂಗಳ ನಾಲ್ಕನೆಯ ಶನಿವಾರ, ಭಾನುವಾರದ ರಜೆಯಲ್ಲಿ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕಿಲೊ ಬಂಗಾರ ಹೋಯಿತು. ಜನ ಅಡವಿಟ್ಟ ಬಂಗಾರ. ಪೊಲೀಸರು ಒಂದು ತಿಂಗಳಲ್ಲಿ ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ಮ್ಯಾನೇಜರರೂ ಇದ್ದರು. ಪೊಲೀಸರು ಹೇಳುವ ಪ್ರಕಾರ ಖಜಾನೆಗೆ ನಕಲಿ ಕೀಲಿಕೈ ಮಾಡಿಸಲಾಗಿತ್ತು. ಅನುಮಾನ ಬಾರದಿರಲೆಂದು ವರ್ಗಾವಣೆಯಾಗುವ ತನಕ ಕಾಯಲಾಗಿತ್ತು. ಸಿಸಿಟಿವಿಯ ದಾಖಲೆ ಪೆಟ್ಟಿಗೆಯನ್ನೇ ಕಿತ್ತೊಯ್ದಿದ್ದರು. ತನಿಖೆಯ ದಿಕ್ಕು ತಪ್ಪಿಸಲು ಮಾಟದ ಗೊಂಬೆಯೊಂದನ್ನು ಬಿಟ್ಟು ಹೋಗಿದ್ದರು. ತೀರ್ಪು ನ್ಯಾಯಾಲಯದ್ದು, ನಮಗೆ ಬೇಕಾದದ್ದು ವಿಧಾನ.

ಕಂಪ್ಯೂಟರಿನ ಕಳ್ಳನೂ ಇದೇ ನಾಲ್ಕು ಹೆಜ್ಜೆ ಇಡುತ್ತಾನೆ. ಕೀಲಿ ಒಡೆಯುವುದಿಲ್ಲ, ಕೀಲಿಕೈಯ ನಕಲು, ಅಂದರೆ ಪಾಸ್‌ವರ್ಡ್, ಪಡೆಯುತ್ತಾನೆ. ಹೊಕ್ಕ ಕೂಡಲೇ ಕೈ ಹಾಕುವುದಿಲ್ಲ. ವಾರಗಟ್ಟಲೆ ಸುಮ್ಮನಿದ್ದು ರಜೆಯ ದಿನ ನೋಡುತ್ತಾನೆ. ಹೆಜ್ಜೆ ಗುರುತು ಅಳಿಸುತ್ತಾನೆ. ಬೇರೆ ಯಾರ ಮೇಲೋ ಅನುಮಾನ ಬರುವಂತೆ ಒಂದು ಗೊಂಬೆ ಬಿಟ್ಟು ಹೋಗುತ್ತಾನೆ. ಆ ಗೊಂಬೆ ಹೆಚ್ಚಾಗಿ ಯಾರೋ ಅಮಾಯಕನ ಕಂಪ್ಯೂಟರ್ ಆಗಿರುತ್ತದೆ.

ರಾತ್ರಿ ಬಿಚ್ಚಿದ ಎತ್ತು

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ದಂದಕ್ಕಿಯಲ್ಲಿ ಕಟ್ಟಿದ ಎತ್ತುಗಳನ್ನು ಮಧ್ಯರಾತ್ರಿ ಯಾರೋ ಕಣ್ಣಿ ಬಿಚ್ಚಿಕೊಂಡು ಹೋಗಿ, ತನ್ನ ಹೊಲದಲ್ಲಿ ಗಳೆ ಹೊಡೆದು, ನಸುಕಿನಲ್ಲಿ ತಂದು ಮತ್ತೆ ಗ್ವಾದಲಿಗೆ ಕಟ್ಟಿದನೆನ್ನಿ. ಬೆಳಗ್ಗೆ ಎದ್ದು ನೋಡಿದರೆ ಎತ್ತು ಇದ್ದಲ್ಲೇ ಇವೆ. ಕಳವಾಗಿಲ್ಲ. ಆದರೆ ನೊಗ ಕಟ್ಟಿದರೆ ಮುಗ್ಗರಿಸುತ್ತವೆ, ಹೆಗಲು ಬಾತಿದೆ, ಮೇವು ಹಾಕಿದಷ್ಟೂ ಸಾಲದು. ಕೆಲವು ದಿನಗಳ ಮೇಲೆ ಪಕ್ಕದ ಊರಿನವರು ಬಂದು, “ನಿಮ್ಮ ಎತ್ತು ನಮ್ಮ ಬೆಳಿ ತುಳದಾವ” ಎಂದು ಜಗಳ ತೆಗೆಯುತ್ತಾರೆ.

ಬಾಟ್‌ನೆಟ್ ಎಂದರೆ ಇದೇ. ಹ್ಯಾಕರ್‌ಗೆ ನಿಮ್ಮ ಮದುವೆಯ ಫೋಟೊ ಬೇಕಿಲ್ಲ. ನಿಮ್ಮ ಯಂತ್ರದ ದುಡಿಮೆ ಬೇಕು, ನಿಮ್ಮ ಕರೆಂಟು ಬೇಕು, ನಿಮ್ಮ ಇಂಟರ್‌ನೆಟ್ ವಿಳಾಸ ಬೇಕು. ಅದರಿಂದ ಲಕ್ಷಾಂತರ ಹುಸಿ ಇಮೇಲ್ ಕಳಿಸುತ್ತಾನೆ, ಯಾವುದೋ ಆಸ್ಪತ್ರೆಯ ಜಾಲಕ್ಕೆ ಹುಸಿ ಪಾಳಿ ಹಚ್ಚುತ್ತಾನೆ, ಕ್ರಿಪ್ಟೊ ನಾಣ್ಯ ಅಗೆಸುತ್ತಾನೆ. ಏನೂ ಕೆಲಸವಿಲ್ಲದಾಗಲೂ ಫ್ಯಾನು ಗುಂಯ್‌ಗುಡುತ್ತಿದ್ದರೆ, ಯಂತ್ರ ಕಾದ ಹಂಚಿನಂತಿದ್ದರೆ, ಎತ್ತಿನ ಹೆಗಲು ನೋಡಿಕೊಳ್ಳಿ. 2016ರ ‘ಮಿರಾಯ್’ ಎಂಬ ಹುಳು ಹಿಡಿದದ್ದು ಮುಖ್ಯವಾಗಿ ಮನೆ-ಅಂಗಡಿಗಳ ಸಿಸಿಟಿವಿ ಕ್ಯಾಮೆರಾ ಮತ್ತು ರೌಟರುಗಳನ್ನು. ಕಾರ್ಖಾನೆಯಿಂದಲೇ ಬರುವ ‘ಅಡ್ಮಿನ್-ಅಡ್ಮಿನ್’ ರೀತಿಯ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಚ್ಚಿ ನೋಡುವುದಷ್ಟೇ ಅದರ ವಿದ್ಯೆ. ಬರೆದವರು ಮೂವರು ಅಮೆರಿಕನ್ ತರುಣರು. ಮೂಲ ಉದ್ದೇಶ ಮೈನ್‌ಕ್ರಾಫ್ಟ್ ಎಂಬ ಆಟದ ಸರ್ವರ್ ವ್ಯಾಪಾರದಲ್ಲಿ ಎದುರಾಳಿಯನ್ನು ಕೆಡವುವುದು. ಎಲ್ಲಿಯದೋ ಆಟದ ಜಗಳಕ್ಕೆ ಯಾರ ಯಾರದೋ ಕ್ಯಾಮೆರಾಗಳು ದುಡಿದವು.

ಮೇಜಿನ ಮೇಲಿನ ಹೆಬ್ಬೆಟ್ಟು

ಇನ್ನೂ ದೊಡ್ಡ ಉತ್ತರ ಬೇರೆ ಇದೆ. ನಮ್ಮ ಕಡೆಯ ‘ಸ್ವಂತ ಕಂಪ್ಯೂಟರ್’ ನಿಜಕ್ಕೂ ಸ್ವಂತದ್ದೇ?

ಹಿಂದೊಮ್ಮೆ ಒಂದು ಲೇಖನ ಪ್ರಿಂಟ್ ಹಾಕಿಸಲು ನಿಮ್ಮ ನಾಲ್ಕು ಊರುಗಳಲ್ಲಿ ಒಂದರ ಝೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ನನ್ನ ಪೆನ್‌ಡ್ರೈವ್ ಚುಚ್ಚಿ, “ಕುಂಡ್ರ್ರಿ ಸರ, ಚಾ ಹೇಳ್ತೀನಿ” ಎಂದು ಹೊರಗೆ ಹೋದ. ಪರದೆ ನನ್ನ ಮುಂದೆ. ಗೋಡೆಚಿತ್ರ ಕಾಣದಷ್ಟು ಫೈಲುಗಳು: ಆಧಾರ್, ಉತಾರ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ವಾಟ್ಸ್ಆ್ಯಪ್ ತೆರೆದೇ ಇತ್ತು. ದೂರದಿಂದ ರಿಪೇರಿ ಮಾಡುವವನಿಗೆಂದು ಎನಿಡೆಸ್ಕ್ ಓಡುತ್ತಿತ್ತು. ವಿಂಡೋಸ್ ಕ್ರ್ಯಾಕ್ ಮಾಡಿದ್ದು. ಮೊದಲ ಫೈಲು ಯಾರದೋ ಹೊಲದ ಖರೀದಿ ಪತ್ರದ ಸ್ಕ್ಯಾನು. ಅದರ ಚಿಕ್ಕಚಿತ್ರದಲ್ಲೇ ಹೆಬ್ಬೆಟ್ಟುಗಳು ಸಾಲಾಗಿ ಕಾಣುತ್ತಿದ್ದವು. ಮನೆಗೆ ಬಂದು ನನ್ನ ಪೆನ್‌ಡ್ರೈವ್ ತೆರೆದರೆ ನನ್ನ ಫೋಲ್ಡರುಗಳೆಲ್ಲ ಒಂದೊಂದು ಕೆಬಿಯ ಶಾರ್ಟ್‌ಕಟ್ ಆಗಿದ್ದವು. ಕಂಪ್ಯೂಟರ್ ಪಾಠ ಹೇಳುವ ನಾನೇ ಒಂದನ್ನು ಒತ್ತಿದೆ. ಮುಂದಿನ ಎರಡು ದಿನ ನನ್ನ ಯಂತ್ರವನ್ನು ತೊಳೆಯುವುದರಲ್ಲಿ ಹೋದವು.

ಆ ಹೆಬ್ಬೆಟ್ಟುಗಳ ಬೆಲೆ ಏನು? ಆಧಾರ್ ಮತ್ತು ಬೆರಳಚ್ಚಿನಿಂದ ಹಣ ಕೊಡುವ ವ್ಯವಸ್ಥೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ವೃದ್ಧಾಪ್ಯ ವೇತನದ ಅಜ್ಜಿಗೆ ಅದು ದೊಡ್ಡ ಉಪಕಾರ. ಆದರೆ 2023ರಲ್ಲಿ ಕರ್ನಾಟಕದಲ್ಲಿ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಒಟಿಪಿಯೂ ಇಲ್ಲದೆ ಹಣ ಹೋಗತೊಡಗಿತು. ತನಿಖೆಯಲ್ಲಿ ಕಂಡದ್ದು: ಕಳ್ಳರು ಖರೀದಿ ಪತ್ರಗಳ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ತೆಗೆದು, ಬೆರಳಿನ ನಕಲು ಮಾಡಿ, ಯಂತ್ರಕ್ಕೆ ಒತ್ತುತ್ತಿದ್ದರು. ಸರ್ಕಾರ ಆನಂತರ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಕೈಗೊಂಡಿತು. ಆದರೆ ಅಂಗಡಿಯ ಮೇಜಿನ ಮೇಲೆ ಬಿದ್ದಿರುವ ಹಳೆಯ ಸ್ಕ್ಯಾನುಗಳನ್ನು ಮರೆಮಾಡುವವರು ಯಾರು?

ಅದಕ್ಕೇ ಹೇಳುತ್ತೇನೆ: ಪಾಸ್‌ವರ್ಡ್ ಬದಲಿಸಬಹುದು, ಎಟಿಎಂ ಕಾರ್ಡು ಹೊಸದು ತರಬಹುದು. ಹೆಬ್ಬೆಟ್ಟು ಬದಲಿಸಲು ಬರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮದೇನೂ ಇಲ್ಲದಿರಬಹುದು, ಊರಿನದು ಇದೆ.

ಕಾಯುವ ಕೆಲಸ

ಕಾಯುವುದಕ್ಕೆ ದೊಡ್ಡ ವಿದ್ಯೆ ಬೇಡ. ಮೊದಲನೆಯದು ಅಪ್‌ಡೇಟ್. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಹುಳು ಸುಮಾರು 150 ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ತೆರೆಯಬೇಕಾದರೆ 300 ಡಾಲರ್ ಕೇಳಿತು. ಆ ಹುಳು ಹೊಕ್ಕ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. 59 ದಿನ ಸಮಯವಿತ್ತು. ‘ಆಮೇಲೆ ನೆನಪಿಸು’ ಎಂದು ಒತ್ತಿದವರು ಸಿಕ್ಕಿಬಿದ್ದರು. ಕ್ರ್ಯಾಕ್ ಮಾಡಿದ ವಿಂಡೋಸ್‌ನಲ್ಲಿ ಈ ಅಪ್‌ಡೇಟನ್ನು ಹೆಚ್ಚಾಗಿ ಮೊದಲೇ ನಿಲ್ಲಿಸಿರುತ್ತಾರೆ. ಬಿಟ್ಟಿ ಕೀಲಿಕೈ ಕೊಟ್ಟವನು ಅದರ ಇನ್ನೊಂದು ನಕಲು ತನ್ನ ಹತ್ತಿರ ಇಟ್ಟುಕೊಂಡಿಲ್ಲ ಎಂದು ನಂಬುವುದು ಹೇಗೆ? ವಿಂಡೋಸ್ 10ರ ಸಾಮಾನ್ಯ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ. ಹಳೆಯ ಯಂತ್ರವಿದ್ದವರು ಹೊಸ ವಿಂಡೋಸ್‌ಗೆ ಹೋಗಬೇಕು. ಯಂತ್ರ ತಾಳದಿದ್ದರೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಬಹುದು.

ಎರಡನೆಯದು ಬ್ಯಾಕಪ್. ಇದನ್ನು ಹಗೇವು ತೆಗೆದ ಜನಕ್ಕೆ ನಾನು ಕಲಿಸಬೇಕಿಲ್ಲ. ನಮ್ಮ ಹಿರಿಯರು ವರ್ಷದ ಜೋಳವನ್ನೆಲ್ಲ ಪಡಸಾಲೆಯಲ್ಲಿ ಇಡಲಿಲ್ಲ. ನೆಲದೊಳಗೆ ಹಗೇವಿನಲ್ಲಿ ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ, ಮಣ್ಣು ಮುಚ್ಚಿದರು. ದಿನಾ ತೆರೆಯಲಿಲ್ಲ, ನೆಲದೊಳಗೆ ನೀರು ಜಿನುಗಿತೇನೋ ಎಂಬ ಎಚ್ಚರವನ್ನೂ ಬಿಡಲಿಲ್ಲ. ಬ್ಯಾಕಪ್ಪಿನ ಸೂತ್ರವೆಲ್ಲ ಇಷ್ಟರಲ್ಲೇ ಇದೆ. ಬೇರೊಂದು ಹಾರ್ಡ್‌ಡಿಸ್ಕಿಗೆ ವಾರಕ್ಕೊಮ್ಮೆ ನಕಲು ಮಾಡಿ, ಕೇಬಲ್ ಕಿತ್ತು, ಬೇರೆ ಕೋಣೆಯಲ್ಲಿ ಇಡಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕು ಪಡಸಾಲೆಯ ಚೀಲವಿದ್ದಂತೆ. ರ‍್ಯಾನ್ಸಮ್‌ವೇರ್ ಬಂದರೆ ಅದಕ್ಕೂ ಬೀಗ ಬೀಳುತ್ತದೆ. ಆಗಾಗ ಒಂದು ಫೈಲು ತೆರೆದು ನೋಡಿ, ಕಾಳು ಮುಗ್ಗಿಲ್ಲವಷ್ಟೆ ಎಂದು.

ಉಳಿದವನ್ನು ಬೇಗ ಹೇಳುತ್ತೇನೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಸಾಮಾನ್ಯ ಬಳಕೆಗೆ ಸಾಕು, ಅದನ್ನು ಆಫ್ ಮಾಡದಿದ್ದರೆ. ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆ ಬೇಡ. ಸಾದಾ ಖಾತೆ ಮಾಡಿಕೊಳ್ಳಿ. ಪಾಸ್‌ವರ್ಡ್ ಉದ್ದವಿರಲಿ, ಇಮೇಲಿಗೂ ಬ್ಯಾಂಕಿಗೂ ಒಂದೇ ಬೇಡ, ಎರಡನೆಯ ಹಂತದ ದೃಢೀಕರಣ ಹಚ್ಚಿಕೊಳ್ಳಿ. ಗಿರಾಕಿಯ ಪೆನ್‌ಡ್ರೈವನ್ನು ಮೊದಲು ಸ್ಕ್ಯಾನ್ ಮಾಡಿ. ರಿಪೇರಿ ಮುಗಿದ ಕೂಡಲೇ ಎನಿಡೆಸ್ಕ್ ತೆಗೆದುಹಾಕಿ. ರೌಟರ್ ಮತ್ತು ಕ್ಯಾಮೆರಾದ ಕಾರ್ಖಾನೆಯ ಪಾಸ್‌ವರ್ಡ್ ಇಂದೇ ಬದಲಿಸಿ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಆ್ಯಪ್ ಹಾಕಿಸುವ ಫೈಲನ್ನು, ಮುಟ್ಟಬೇಡಿ. ಆಧಾರ್‌ನ ಬಯೊಮೆಟ್ರಿಕ್ ಬೀಗ ಹಾಕಿಕೊಳ್ಳಿ, ಬೇಕಾದಾಗ ತೆರೆಯಬಹುದು.

ಅಂಗಡಿಯ ಗೆಳೆಯರಿಗೆ ಒಂದೇ ವಿನಂತಿ. ಸಂಜೆ ಗಲ್ಲೆ ಎಣಿಸಿ, ಕಸ ಹೊಡೆದು, ದೀಪ ಹಚ್ಚಿ ಅಂಗಡಿ ಮುಚ್ಚುವ ಪದ್ಧತಿ ನಮ್ಮದು. ಆ ಕಸದ ಜೊತೆಗೆ ಅಂದಿನ ಗಿರಾಕಿಗಳ ಸ್ಕ್ಯಾನುಗಳನ್ನೂ ಹೊಡೆದುಹಾಕಿ, ರೀಸೈಕಲ್ ಬಿನ್ ಖಾಲಿ ಮಾಡಿ. ಎರಡು ನಿಮಿಷದ ಕೆಲಸ.

ಇಷ್ಟಾಗಿಯೂ ಹಣ ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮುನ್ನ ತಡೆಹಿಡಿಯಲು ಆ ಮೊದಲ ತಾಸೇ ಮುಖ್ಯ. ವಿಜಯಪುರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ದೂರು ಕೊಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮು ಇಂಥ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ಐದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಎನ್ನುತ್ತದೆ. ಅರವತ್ತು ಸಾವಿರ ವರ್ಷದ ಹುಳು ಜನ್ಮಕ್ಕೆ ಹೋಲಿಸಿದರೆ ಕಡಿಮೆಯೇ. ಆದರೆ ಇದು ಈ ಜನ್ಮದಲ್ಲೇ ಆಗುತ್ತದೆ.

ಮುಗಿಸುತ್ತೇನೆ. ದಾನಶಾಸನಗಳ ಕೊನೆಗೆ ಶಾಪದ ಜೊತೆ ಇನ್ನೊಂದು ಮಾತೂ ಬರುತ್ತದೆ. ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಕೊಡುವುದು ಸುಲಭ, ಬೇರೊಬ್ಬ ಕೊಟ್ಟದ್ದನ್ನು ಕಾಯುವುದು ಕಷ್ಟ. ಆದ್ದರಿಂದ ದಾನಕ್ಕಿಂತ ಪಾಲನೆ ದೊಡ್ಡದು ಎಂಬ ಮಾತು ಅದು. ಹೊಲದ ಖರೀದಿ ಪತ್ರವನ್ನು ನಿಮ್ಮ ಮೇಜಿನ ಮೇಲಿಟ್ಟು, “ಒಂದು ಕಾಪಿ ತಗೀಪಾ ತಮ್ಮ” ಎಂದ ಮುದುಕ ತನ್ನ ಹೆಬ್ಬೆಟ್ಟನ್ನು ನಿಮ್ಮ ಕೈಗೆ ಕೊಟ್ಟು ಹೋಗಿದ್ದಾನೆ. ಕೊಟ್ಟದ್ದು ಅವನಿಗೇ ಗೊತ್ತಿಲ್ಲ. ಗೊತ್ತಿರುವುದು ಈಗ ನಿಮಗೆ.